ಲಿವರಿಗಾಗಿ ಎರಡು ವಾರ: ಬೊಜ್ಜಿನ ಆಪರೇಷನ್ನಿನ ಪೂರ್ವಪಥ್ಯ ಕುರಿತು ಒಂದು ಅಧಿಕರಣ

ವಿಷಯ

ಬೊಜ್ಜಿನ ಆಪರೇಷನ್ನಿಗೆ ತಾರೀಖು ಗೊತ್ತಾದ ಮೇಲೆ ರೋಗಿಯ ಕೈಗೆ ಒಂದು ಹಾಳೆ ಬರುತ್ತದೆ. ಅಹಮದಾಬಾದಾಗಲಿ, ವಡೋದರಾ ಆಗಲಿ, ಸೂರತ್ತಾಗಲಿ, ಒಕ್ಕಣೆ ಹೆಚ್ಚುಕಡಿಮೆ ಒಂದೇ. ಆಪರೇಷನ್ನಿಗೆ ಮುಂಚಿನ ಎರಡು ವಾರ ದಿನಕ್ಕೆ 800 ಕ್ಯಾಲೊರಿ ಮೀರಬಾರದು. ಅದರೊಳಗೇ 60ರಿಂದ 80 ಗ್ರಾಂ ಪ್ರೋಟೀನು ಬರಬೇಕು. ಅನ್ನ, ರೊಟ್ಟಿ, ಸಕ್ಕರೆ, ಎಣ್ಣೆ, ಕರಿದದ್ದು ಬಂದ್. ಆದಷ್ಟೂ ಕುಡಿಯುವ ಆಹಾರವೇ ಇರಲಿ. ಕೊನೆಯಲ್ಲಿ ಮಾತ್ರೆಗಳ ಬಗ್ಗೆ ನಾಲ್ಕು ಸಾಲು. ಇದೇ ನಮ್ಮ ವಿಷಯವಾಕ್ಯ. ಮೀಮಾಂಸಾಸೂತ್ರಗಳ ಜೈಮಿನಿಯ ಸಂಪ್ರದಾಯದವರು ಒಂದು ವಿಧಿಯನ್ನು ಬಿಡಿಸುವಾಗ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಮೆಟ್ಟಿಲು ಹತ್ತುತ್ತಾರೆ. ಯಜ್ಞದ ಪುರೋಡಾಶಕ್ಕೆಂದು ಹುಟ್ಟಿದ ಈ ವಿಚಾರಕ್ರಮವನ್ನು ಆಸ್ಪತ್ರೆಯ ಡಯೆಟ್ ಶೀಟಿಗೆ ಹಚ್ಚುವುದೇ ಎಂದು ಯಾರಾದರೂ ನಗಬಹುದು. ಆದರೆ ವಿಧಿ ವಿಧಿಯೇ: ಇಂಥದ್ದನ್ನು ಮಾಡು, ಇಷ್ಟು ದಿನ ಮಾಡು, ಇಂಥದ್ದಕ್ಕಾಗಿ ಮಾಡು. ಈ ಮೂರನೆಯದು ಆ ಹಾಳೆಯಲ್ಲಿ ಬಹುತೇಕ ಇರುವುದಿಲ್ಲ. ತೊಡಕೆಲ್ಲ ಹುಟ್ಟುವುದು ಅಲ್ಲಿಂದಲೇ.

ಆಪರೇಷನ್ನುಗಳಲ್ಲಿ ಮುಖ್ಯವಾದವು ಎರಡು. ಸ್ಲೀವ್ ಎನ್ನುವುದರಲ್ಲಿ ಜಠರದ ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು ಕಿರಿದಾದ ಕೊಳವೆಯೊಂದನ್ನು ಉಳಿಸುತ್ತಾರೆ. ಬೈಪಾಸಿನಲ್ಲಿ ಜಠರದ ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲ ಮಾಡಿ ಅದನ್ನು ನೇರ ಸಣ್ಣಕರುಳಿಗೆ ಜೋಡಿಸುತ್ತಾರೆ. ಎರಡನ್ನೂ ಹೊಟ್ಟೆ ಸೀಳದೆ, ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುತ್ತಾರೆ. ಈ ಕ್ಯಾಮೆರಾದ ಮಾತನ್ನು ನೆನಪಿನಲ್ಲಿಡಬೇಕು; ಸಿದ್ಧಾಂತ ಅದರ ಮೇಲೇ ನಿಂತಿದೆ.

ಊರಿನ ಬಗ್ಗೆ ಒಂದು ಮಾತು. ಫಾಫಡಾ, ಜಲೇಬಿ, ಡೊಳ್ಳುಹೊಟ್ಟೆ: ಗುಜರಾತೆಂದರೆ ನಮ್ಮವರ ತಲೆಯಲ್ಲಿರುವ ಚಿತ್ರ ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೇರೆಯೇ ಹೇಳುತ್ತದೆ. ತೂಕ ಮೀರಿದವರು ಗುಜರಾತಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 23, ಗಂಡಸರಲ್ಲಿ 20. ಕರ್ನಾಟಕದಲ್ಲಿ ಇಬ್ಬರಲ್ಲೂ 30ರ ಆಸುಪಾಸು. ಡಾಂಗ್, ದಾಹೋದದಂಥ ಆದಿವಾಸಿ ಜಿಲ್ಲೆಗಳ ಸೊರಗಿದ ಮೈಗಳೂ ಗುಜರಾತಿನ ಸರಾಸರಿಯಲ್ಲಿ ಸೇರಿವೆ, ನಿಜ. ಆದರೂ ನಗುವ ಸರದಿ ನಮ್ಮದಲ್ಲ. ಆದ್ದರಿಂದ ಈ ಹಾಳೆ ಕನ್ನಡಿಗರ ಕೈಗೂ ಬರುವಂಥದ್ದೇ.

ಸಂಶಯ

ಈ ಪಥ್ಯ ಯಾರ ಸಲುವಾಗಿ? ತೂಕ ಇಳಿಸಿಕೊಳ್ಳಬೇಕಾದ ಮನುಷ್ಯನ ಸಲುವಾಗಿಯೋ, ನಡೆಯಬೇಕಾದ ಕ್ರಿಯೆಯ ಸಲುವಾಗಿಯೋ? ಜೈಮಿನಿಸೂತ್ರದ ನಾಲ್ಕನೆಯ ಅಧ್ಯಾಯದ ಮಾತಿನಲ್ಲಿ ಕೇಳುವುದಾದರೆ, ಇದು ಪುರುಷಾರ್ಥವೋ ಕ್ರತ್ವರ್ಥವೋ? ದರ್ಶಪೂರ್ಣಮಾಸ ಯಾಗದಲ್ಲಿ ಪ್ರಧಾನಾಹುತಿಗೆ ಮುಂಚೆ ಪ್ರಯಾಜವೆಂಬ ಐದು ಆಹುತಿಗಳನ್ನು ಕೊಡುತ್ತಾರೆ. ಪ್ರಯಾಜಕ್ಕೆ ಸ್ವಂತದ ಫಲವಿಲ್ಲ. ಪ್ರಧಾನಕ್ಕೆ ಒದಗುವುದೇ ಅದರ ಫಲ. ಎರಡು ವಾರದ ಪಥ್ಯ ಅಂಥ ಅಂಗವೋ ಅಥವಾ ತಾನೇ ಒಂದು ಸಣ್ಣ ಪ್ರಧಾನವೋ ಎಂಬುದು ಸಂಶಯ. ಇದು ಪಂಡಿತರ ಕಾಲಹರಣವಲ್ಲ. ಉತ್ತರ ಯಾವ ಕಡೆ ಬೀಳುತ್ತದೋ ಅದರ ಮೇಲೆ ರೋಗಿ ಏನು ತಿನ್ನುತ್ತಾನೆ, ಏನನ್ನು ಬಿಡುತ್ತಾನೆ, ಮಧ್ಯೆ ಒಂದು ದಿನ ತಪ್ಪಿದರೆ ಏನು ಮಾಡುತ್ತಾನೆ ಎಂಬುದೆಲ್ಲ ನಿಂತಿದೆ.

ಪೂರ್ವಪಕ್ಷ

ಪೂರ್ವಪಕ್ಷಿ ಹೇಳುತ್ತಾನೆ: ಇದು ಪುರುಷಾರ್ಥ. ಬೊಜ್ಜಿನ ರೋಗಿಗೆ ಪಥ್ಯ ಹೇಳಿದರೆ ಅದು ಬೊಜ್ಜು ಕರಗಿಸುವುದಕ್ಕಲ್ಲದೆ ಮತ್ತೇಕೆ? ಹಾಗಿದ್ದರೆ ಈ ವಿಧಿ ತನ್ನನ್ನು ತಾನೇ ಹೊಡೆದುಕೊಳ್ಳುತ್ತದೆ. ಬಾಯಿ ಕಟ್ಟಲು ಆಗದೆ ತಾನೇ ಈತ ಕತ್ತಿಯ ಕೆಳಗೆ ಮಲಗಲು ಒಪ್ಪಿದ್ದು? ಬಾಯಿ ಕಟ್ಟಲು ಶಕ್ತನಾದರೆ ಆಪರೇಷನ್ ಬೇಡ. ಅಶಕ್ತನಾದರೆ ಪಥ್ಯ ವ್ಯರ್ಥ. ಇನ್ನು, ಉಪವಾಸ ಬೇಕೆಂದರೆ ಗುಜರಾತಿಗೆ ಅದನ್ನು ಕಲಿಸಲು ಆಸ್ಪತ್ರೆ ಬೇಕೇ? ಜೈನರ ಪರ್ಯುಷಣದಲ್ಲಿ ಎಂಟು ದಿನ ಕಾಯಿಸಿದ ನೀರಿನ ಮೇಲೇ ಇರುವ ಅಠ್ಠಾಯಿ ಮಾಡುವ ಮನೆಗಳಿವೆ. ಅಗಿಯಾರಸ್ ಎಂಬ ಏಕಾದಶಿ ಇದೆ, ಶ್ರಾವಣವಿದೆ. ಉಡುಪಿಯಿಂದ ಬಂದ ಮಾಧ್ವರ ನಿರ್ಜಲ ಏಕಾದಶಿಯಿದೆ. ಇಷ್ಟಿರುವಾಗ ಡಬ್ಬಿಯ ಪುಡಿ ಕಲಸಿ ಕುಡಿಯುವುದೇಕೆ? ಮೂರನೆಯದಾಗಿ, ಕತ್ತರಿಸಿಕೊಳ್ಳಲು ಹೊರಟ ದೇಹಕ್ಕೆ ಬಲ ತುಂಬುವುದು ಬಿಟ್ಟು ಹಸಿವಿಗೆ ಕೆಡಹುವುದು ಯಾವ ನ್ಯಾಯ? ಮನೆಯ ಹಿರಿಯಳು, ಗುಜರಾತಿಗಳು 'ಬಾ' ಎಂದು ಕರೆಯುವವಳು, ತಟ್ಟೆ ಮುಂದೆ ಹಿಡಿದು 'ಥೋಡು ತೋ ಲ್ಯೋ', ಸ್ವಲ್ಪವಾದರೂ ತಗೊಳ್ಳಿ ಎನ್ನುವುದು ಈ ವಾದವನ್ನೇ. ನಾಲ್ಕನೆಯದು ಪಂಡಿತರ ಆಕ್ಷೇಪ: ಪಥ್ಯ ಮಾಡಿದವರಿಗೂ ಮಾಡದವರಿಗೂ ಆಪರೇಷನ್ನಿಗೆ ಹಿಡಿದ ಹೊತ್ತು ಒಂದೇ ಎಂದು ಪರೀಕ್ಷೆಗಳೇ ತೋರಿಸಿವೆಯಲ್ಲ?

ಪೂರ್ವಪಕ್ಷ ಬಲವಾಗಿದೆ. ಅದರ ಒಂದೊಂದು ಕೊಂಬೆಯನ್ನು ಕಡಿಯುವ ಬದಲು ಬುಡ ನೋಡೋಣ.

ಸಿದ್ಧಾಂತ

ಪಥ್ಯ ಕ್ರತ್ವರ್ಥ. ಅದು ಗುರಿಯಿಡುವುದು ಸೊಂಟದ ಸುತ್ತಿನ ಬೊಜ್ಜಿಗಲ್ಲ, ಲಿವರಿಗೆ.

ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿದ ಸರ್ಜನ್ನಿಗೆ ಮೊದಲು ಕಾಣುವುದು ಜಠರವಲ್ಲ. ಲಿವರಿನ ಎಡಹಾಲೆ ಜಠರದ ಮೇಲ್ಭಾಗವನ್ನು ಮುಚ್ಚಿಕೊಂಡಿರುತ್ತದೆ. ಅನ್ನನಾಳ ಬಂದು ಜಠರಕ್ಕೆ ಸೇರುವ ಮೂಲೆ ಅದರ ಕೆಳಗೇ ಇದೆ, ಜಠರವನ್ನು ಕತ್ತರಿಸಿ ಹೊಲಿಯುವ ಸ್ಟೇಪ್ಲರಿನ ಕೊನೆಯ ಹೊಡೆತ ಬೀಳಬೇಕಾದ್ದೂ ಆ ಮೂಲೆಯ ಹತ್ತಿರವೇ. ಆದ್ದರಿಂದ ಬಾಗಿದ ಲೋಹದ ಕಡ್ಡಿಯೊಂದನ್ನು ಒಳಗಿಟ್ಟು ಎಡಹಾಲೆಯನ್ನು ಎತ್ತಿ ಹಿಡಿದು, ಆ ಸಂದಿಯಲ್ಲಿ ಕೆಲಸ ಮಾಡಬೇಕು. ಆರೋಗ್ಯವಂತ ಲಿವರು ಕೆಂಗಂದು, ಅಂಚು ಚೂಪು, ಎತ್ತಿದರೆ ಏಳುತ್ತದೆ. ಕೊಬ್ಬು ತುಂಬಿದ ಲಿವರು ಹಳದಿಗೆ ತಿರುಗಿ, ಅಂಚು ಗುಂಡಗಾಗಿ, ಭಾರವಾಗಿ ಬಿದ್ದಿರುತ್ತದೆ. ಕಡ್ಡಿ ಒತ್ತಿದರೆ ಹರಿದು ರಕ್ತ ಸುರಿಸುತ್ತದೆ. ಜಾಗ ಕಾಣದಿದ್ದರೆ ಹೊಟ್ಟೆ ತೆರೆದು ಮಾಡಬೇಕಾಗಬಹುದು, ಇಲ್ಲವೇ ಅಲ್ಲಿಗೇ ನಿಲ್ಲಿಸಿ ಮುಚ್ಚಿ ಬರಬೇಕಾಗಬಹುದು.

ಈ ಲಿವರು ಕುಗ್ಗುವುದು ಬೇಗ. ಅದರಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ಇರುತ್ತದೆ. ಒಂದೊಂದು ಗ್ರಾಂ ಮೂರು ಗ್ರಾಮಿನಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಅನ್ನ, ಸಕ್ಕರೆ ನಿಂತ ಒಂದೆರಡು ದಿನದಲ್ಲಿ ಈ ಗಂಟು ಕರಗುತ್ತದೆ. ಆಮೇಲೆ ಲಿವರು ತನ್ನೊಳಗಿನ ಕೊಬ್ಬನ್ನೇ ಉರಿಸತೊಡಗುತ್ತದೆ. ಮೆಲ್ಬರ್ನಿನ ತಂಡವೊಂದು 32 ರೋಗಿಗಳಿಗೆ 12 ವಾರ ಇಂಥ ಪಥ್ಯ ಕೊಟ್ಟು, ಸ್ಕ್ಯಾನಿನಲ್ಲಿ ಲಿವರಿನ ಗಾತ್ರವನ್ನು ಅಳೆದು 2006ರಲ್ಲಿ ಪ್ರಕಟಿಸಿತು. ಗಾತ್ರ ಸರಾಸರಿ ನೂರಕ್ಕೆ 19ರಷ್ಟು ಕುಗ್ಗಿತ್ತು. ಅದರಲ್ಲಿ ನೂರಕ್ಕೆ 80ರಷ್ಟು ಕುಗ್ಗಿದ್ದು ಮೊದಲ ಎರಡು ವಾರದಲ್ಲೇ. ಹಾಳೆಯಲ್ಲಿ 'ಎರಡು ವಾರ' ಎಂದು ಬರೆದಿರುವುದರ ಗುಟ್ಟು ಇದು. ಹೊಟ್ಟೆಯ ಕೊಬ್ಬು ಇಳಿಯುವುದಕ್ಕೆ ಅಷ್ಟು ದಿನ ಏತಕ್ಕೂ ಸಾಲದು, ಲಿವರಿಗೆ ಸಾಕು.

ಹೀಗೆ ನೋಡಿದರೆ ಮೊದಲ ಆಕ್ಷೇಪ ತಾನಾಗಿ ಬೀಳುತ್ತದೆ. ಹತ್ತು ವರ್ಷ ಬಾಯಿ ಕಟ್ಟಲಾಗದವನು ಹದಿನಾಲ್ಕು ದಿನ ಕಟ್ಟಬಲ್ಲ. ತೂಕ ಇಳಿದಂತೆ ದೇಹ ಹಸಿವನ್ನು ಏರಿಸಿ, ಖರ್ಚನ್ನು ಇಳಿಸಿ, ಹಳೆಯ ತೂಕಕ್ಕೇ ಎಳೆಯುತ್ತದೆ. ವರ್ಷಗಟ್ಟಲೆ ನಡೆಯುವ ಆ ಜಗ್ಗಾಟದಲ್ಲಿ ಸೋತವನಿಗಾಗಿಯೇ ಆಪರೇಷನ್ ಇರುವುದು. ಅಂಗವನ್ನು ಮಾಡಬಲ್ಲವನಿಗೆ ಪ್ರಧಾನ ಬೇಡವೆನ್ನುವುದು, ಪ್ರಯಾಜ ಕೊಟ್ಟಾಯಿತು ಇನ್ನು ಯಾಗವೇಕೆ ಎಂದಂತೆ.

'ಹದಿನೈದು ದಿನಕ್ಕೇ ಅವರಿಗೆ ಎಷ್ಟೊಂದು ಕಿಲೋ ಇಳಿಯಿತಂತೆ' ಎಂಬ ಮಾತು ಆಸ್ಪತ್ರೆಯ ಬೆಂಚಿನ ಮೇಲೆ ಓಡಾಡುತ್ತದೆ. ಅದು ಅರ್ಥವಾದ, ವಿಧಿಯಲ್ಲಿ ಆಸೆ ಹುಟ್ಟಿಸಲು ಬರುವ ಹೊಗಳಿಕೆ. ಮೊದಲ ವಾರದ ಇಳಿತದಲ್ಲಿ ನೀರಿನ ಪಾಲೇ ದೊಡ್ಡದು. ಅದನ್ನೇ ಫಲವೆಂದು ಹಿಡಿದವನು ತೂಕದ ಮೆಷಿನ್ ನಿಂತುಹೋದ ಒಂಬತ್ತನೆಯ ದಿನ 'ಏನೂ ಆಗುತ್ತಿಲ್ಲ' ಎಂದು ಥೇಪ್ಲಾಕ್ಕೆ ಕೈ ಹಾಕುತ್ತಾನೆ. ಲಿವರು ಆಗಲೂ ಕುಗ್ಗುತ್ತಲೇ ಇರುತ್ತದೆ. ಮೆಷಿನ್ನಿಗೆ ಅದು ಕಾಣುವುದಿಲ್ಲ ಅಷ್ಟೇ.

ಉಪವಾಸದ ವಾದ

ಎರಡನೆಯ ಆಕ್ಷೇಪದ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು. ಗುಜರಾತಿನಲ್ಲಿ ಈ ಪಥ್ಯ ಎಡವುವುದು ಇಲ್ಲೇ.

ಫರಾಳಿ ಎಂಬ ಉಪವಾಸದಡುಗೆಯನ್ನು ತೆಗೆದುಕೊಳ್ಳಿ: ಸಾಬೂದಾಣಾ ಖಿಚಡಿ, ಆಲೂಗಡ್ಡೆಯ ವೇಫರು, ರಾಜಗೀರದ ಪೂರಿ, ಸುವರ್ಣಗಡ್ಡೆ, ಶೇಂಗಾ ಹಾಕಿದ ಫರಾಳಿ ಚೇವಡೊ. ಧಾನ್ಯವಿಲ್ಲ, ಆದ್ದರಿಂದ ವ್ರತಭಂಗವಿಲ್ಲ. ಆದರೆ ಸಾಬೂದಾಣಾ ಅಂದರೆ ಅಪ್ಪಟ ಪಿಷ್ಟ, ಎಣ್ಣೆ ಧಾರಾಳ. ಲಿವರಿನ ಗಂಟನ್ನು ತುಂಬಲು ಇದಕ್ಕಿಂತ ಒಳ್ಳೆಯ ಅಡುಗೆ ಹುಡುಕಬೇಕು. ನಮ್ಮ ಏಕಾದಶಿಯ ಅವಲಕ್ಕಿ ಉಪ್ಪಿಟ್ಟುಗಳೂ ಇದೇ ಸಾಲಿನವು. ವ್ರತಕ್ಕೆ ಅವು ಸರಿ, ಈ ಕ್ರತುವಿಗೆ ಅಲ್ಲ.

ಅಠ್ಠಾಯಿ ಬೇರೆ ಜಾತಿಯದು. ಅಲ್ಲಿ ಲಿವರು ನಿಶ್ಚಯವಾಗಿ ಕುಗ್ಗುತ್ತದೆ. ಆದರೆ ಪ್ರೋಟೀನು ಸೊನ್ನೆಯಾದ್ದರಿಂದ ದೇಹ ತನ್ನ ಸ್ನಾಯುವನ್ನೇ ಒಡೆದು ತಿನ್ನುತ್ತದೆ. ಆಪರೇಷನ್ನಿನ ಗಾಯ ಕೂಡಬೇಕಾದ್ದು, ಸ್ಟೇಪ್ಲರಿನ ಗೆರೆ ಬೆಸೆಯಬೇಕಾದ್ದು ಅದೇ ಸರಕಿನಿಂದ. ಅಠ್ಠಾಯಿ ಮುಗಿಸಿ ಪಾರಣೆಯಾದ ವಾರದಲ್ಲಿ ಟೇಬಲ್ ಹತ್ತುವುದು ಬೇಡ. ಪರ್ಯುಷಣ ಬರುವ ಶ್ರಾವಣ–ಭಾದ್ರಪದವನ್ನು ಬಿಟ್ಟು ತಾರೀಖು ಹಿಡಿದರೆ ಜಗಳವೇ ಇಲ್ಲ. ಜೈನರ ಇನ್ನೊಂದು ವ್ರತವಾದ ಆಯಂಬಿಲದಲ್ಲಿ ಎಣ್ಣೆ, ತುಪ್ಪ, ಸಕ್ಕರೆ ಇಲ್ಲ ಎಂಬುದು ಅನುಕೂಲವೇ. ಆದರೆ ಹಾಲು ಮೊಸರೂ ಇಲ್ಲ, ದಿನಕ್ಕೆ ಒಂದೇ ಹೊತ್ತು, ಬೇಯಿಸಿದ ಧಾನ್ಯವೇ ಮುಖ್ಯ. ಅದೂ ಸಲ್ಲದು.

ಚೌವಿಹಾರ ಪಾಲಿಸುವವರದು ಇನ್ನೂ ಸೂಕ್ಷ್ಮ. ಸೂರ್ಯ ಮುಳುಗಿದ ಮೇಲೆ ನೀರೂ ಇಲ್ಲ. ಬೆಳಿಗ್ಗೆ ನವಕಾರಸಿ ಹಿಡಿದವರು ಸೂರ್ಯೋದಯವಾಗಿ 48 ನಿಮಿಷ ಕಳೆದ ಮೇಲೇ ಬಾಯಿ ತೆರೆಯುವುದು. ಡಿಸೆಂಬರಿನ ಅಹಮದಾಬಾದಿನಲ್ಲಿ ಆರು ಗಂಟೆಗೆಲ್ಲ ಕತ್ತಲು. ಉಳಿಯುವುದು ಹತ್ತು ಗಂಟೆ. ಅದರಲ್ಲಿ ಎರಡು ಲೀಟರ್ ದ್ರವ ಇಳಿಯಬೇಕು. ಆಪರೇಷನ್ನಿಗೆ ಮುಂಚೆ ಇದು ಕಷ್ಟವೇನಲ್ಲ, ಲೋಟ ಎತ್ತಿ ಕುಡಿದರಾಯಿತು. ಆಮೇಲೆ ಒಂದು ಸಲಕ್ಕೆ ಒಂದೆರಡು ಗುಟುಕಿಗಿಂತ ಹೆಚ್ಚು ಹಿಡಿಯದ ಜಠರದಲ್ಲಿ ಹತ್ತು ಗಂಟೆಗೆ ಎರಡು ಲೀಟರೆಂದರೆ ಇಡೀ ಹಗಲು ಅದೇ ಕೆಲಸ. ಆದ್ದರಿಂದ ಗುಟುಕು ಗುಟುಕಾಗಿ ಕುಡಿಯುವ ಅಭ್ಯಾಸವನ್ನು ಈ ಎರಡು ವಾರದಲ್ಲೇ ಮಾಡಿಕೊಳ್ಳಬೇಕು. ಊಟದ ಜೊತೆ ಛಾಸ್ ಕುಡಿಯುವ ಗುಜರಾತಿಯೂ ಮಜ್ಜಿಗೆಯನ್ನದಲ್ಲಿ ಊಟ ಮುಗಿಸುವ ಕನ್ನಡಿಗನೂ ಇಲ್ಲಿ ಒಂದೇ ದೋಣಿಯವರು: ಮುಂದೆ ತಿನ್ನುವುದಕ್ಕೂ ಕುಡಿಯುವುದಕ್ಕೂ ನಡುವೆ ಅರ್ಧ ಗಂಟೆ ಬಿಡಬೇಕು.

ಇಷ್ಟು ಹೇಳಿದ ಮೇಲೆ ಒಂದನ್ನು ಒಪ್ಪಲೇಬೇಕು. ಹಸಿವನ್ನು ಎದುರಿಗಿಟ್ಟುಕೊಂಡು ಕೂರುವ ಕಸುವು ವ್ರತ ಮಾಡಿದವರಿಗೆ ಮೊದಲೇ ಬಂದಿರುತ್ತದೆ. ಮೂರನೆಯ ದಿನದ ತಲೆನೋವಿಗೆ ಅವರು ಬೆದರುವುದಿಲ್ಲ.

ಇವನ್ನೂ, ಇವನ್ನೇ

ಹಾಳೆಯಲ್ಲಿ 'ಮಜ್ಜಿಗೆ, ಹಾಲು, ತಿಳಿಸಾರು, ಪ್ರೋಟೀನ್ ಪೌಡರ್ ತೆಗೆದುಕೊಳ್ಳಿ' ಎಂದಿದೆ. ಇದು ಯಾವ ಬಗೆಯ ವಿಧಿ? ಐದು ಉಗುರಿನ ಪ್ರಾಣಿಗಳಲ್ಲಿ ಇಂಥ ಐದನ್ನು ತಿನ್ನಬಹುದು ಎಂಬ ಮಾತಿಗೆ ಮೀಮಾಂಸಕರು ಹೇಳುವ ಅರ್ಥ, ಅವನ್ನು ತಿನ್ನಲೇಬೇಕೆಂದಲ್ಲ, ಉಳಿದದ್ದನ್ನು ತಿನ್ನಕೂಡದೆಂದು. ಅದಕ್ಕೆ ಪರಿಸಂಖ್ಯೆ ಎಂದು ಹೆಸರು. ಹಾಳೆಯೂ ಪರಿಸಂಖ್ಯೆಯೇ. ಮನೆಯವರು ಓದುವುದು ಹಾಗಲ್ಲ. ಇವನ್ನೂ ಕೊಡಬೇಕಂತೆ ಎಂದು ಓದುತ್ತಾರೆ. ಬೆಳಿಗ್ಗೆ ಭಾಖರಿ ಮಾಮೂಲಿನಂತೆ ಆಯಿತು, ಹನ್ನೊಂದಕ್ಕೆ ಪೌಡರೂ ಆಯಿತು. ಪೌಡರನ್ನು ಟಾನಿಕ್ಕಿನಂತೆ ನೋಡುವ ಈ ಅಭ್ಯಾಸದಲ್ಲಿ ಎರಡು ವಾರಕ್ಕೆ ಲಿವರು ಕುಗ್ಗುವ ಬದಲು ಹಿಗ್ಗಿದರೂ ಆಶ್ಚರ್ಯವಿಲ್ಲ.

'ಕುಡಿಯುವ ಆಹಾರ' ಎಂಬ ಮಾತಿಗೂ ಇದೇ ಗತಿ. ಸೂರತ್ತಿನ ಊಟ, ಕಾಶಿಯ ಸಾವು ಎಂದು ಗಾದೆಯೇ ಇರುವ ಊರಿನಲ್ಲಿ ಕುಡಿಯುವುದಕ್ಕೆ ಏನು ಕೊರತೆ? ಕೋಲ್ಡ್ ಕೋಕೋ ಇದೆ, ಗಟ್ಟಿ ಹಾಲಿಗೆ ಕೋಕೋ ಸಕ್ಕರೆ ಕಾಸಿ ತಣ್ಣಗೆ ಮಾಡಿದ್ದು. ಬೇಸಿಗೆಯಾದರೆ ಕೇರಿನೋ ರಸ, ಅಂದರೆ ಮಾವಿನ ಆಮರಸ. ಫಾಲೂದಾ, ಕಬ್ಬಿನ ಹಾಲು, ಎಳನೀರು, ಮೋಸಂಬಿ. ಲೋಟದಿಂದ ಇಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಇವೆಲ್ಲ ಪಥ್ಯದೊಳಗೆ ನುಸುಳುತ್ತವೆ. ವಿಧಿಯ ಹೇತು ಸಕ್ಕರೆ–ಪಿಷ್ಟ ನಿಲ್ಲಿಸುವುದು. ದ್ರವವೆಂಬುದು ಆ ಹೇತುವಿಗೆ ಸುಲಭದ ದಾರಿ, ಅಷ್ಟೇ. ಬೇಯಿಸಿದ ಸೋರೆಕಾಯಿ ಒಂದು ಬಟ್ಟಲು ತಿಂದರೆ ವಿಧಿ ಕೆಡುವುದಿಲ್ಲ, ಒಂದು ಲೋಟ ಆಮರಸ ಕುಡಿದರೆ ಕೆಡುತ್ತದೆ.

ಕೊನೆಯ ದಿನದ ಬೀಳ್ಕೊಡುಗೆ ಊಟವೂ ಈ ತಲೆಬರಹಕ್ಕೇ ಸೇರಿದ್ದು. 'ಇನ್ನು ಮೇಲೆ ತಿನ್ನೋಕಾಗಲ್ಲ, ಇವತ್ತೊಂದು ದಿನ' ಎಂದು ಅಹಮದಾಬಾದಿನ ಮಾಣೆಕ್ ಚೌಕಿನ ತಿಂಡಿಬೀದಿಗೆ ಕರೆದೊಯ್ಯುವ ಗೆಳೆಯರು, ಸಿಹಿ ಘಾರಿ ಕಟ್ಟಿಸಿಕೊಂಡು ಬರುವ ನೆಂಟರು ಎಲ್ಲ ಕಡೆಯೂ ಇದ್ದಾರೆ. ಪುರುಷಾರ್ಥದ ಲೆಕ್ಕದಲ್ಲಿ ಹದಿನಾಲ್ಕರಲ್ಲಿ ಒಂದು ದಿನ ಹೋದರೆ ಹದಿಮೂರು ಉಳಿಯಿತು. ಕ್ರತ್ವರ್ಥದ ಲೆಕ್ಕ ಹಾಗಿಲ್ಲ. ಒಂದು ರಾತ್ರಿಯ ಜಲೇಬಿಗೆ ಗ್ಲೈಕೋಜನ್ನು ನೀರಿನ ಸಮೇತ ಲಿವರಿಗೆ ಮರಳುತ್ತದೆ. ಬೆಳಿಗ್ಗೆ ಕ್ಯಾಮೆರಾಕ್ಕೆ ಎದುರಾಗುವುದು ಅದೇ. ಮೂರನೆಯ ದಿನ ತಪ್ಪಿದರೆ ತಿದ್ದಿಕೊಳ್ಳಬಹುದು, ಹದಿಮೂರನೆಯ ದಿನ ತಪ್ಪಿದರೆ ತಿದ್ದಲು ಹೊತ್ತಿಲ್ಲ. ತಪ್ಪಿದವರು ಸರ್ಜನ್ನಿಗೆ ಮುಚ್ಚಿಡದೆ ಹೇಳಿದರೆ ತಾರೀಖನ್ನಾದರೂ ಮುಂದೆ ಹಾಕಬಹುದು.

ಪ್ರತಿನಿಧಿ

ಪೌಡರಿನ ಡಬ್ಬಿ ಎಲ್ಲರ ಕೈಗೆಟಕುವುದಲ್ಲ. ಸೂರತ್ತಿನ ಮಗ್ಗದ ಕೂಲಿಯವನಿಗೆ ಒಂದು ಡಬ್ಬಿ ಎಂದರೂ ದೊಡ್ಡ ಮಾತು. ವಿಹಿತ ದ್ರವ್ಯ ಸಿಗದಾಗ ಏನು ಮಾಡಬೇಕೆಂದು ಜೈಮಿನಿ ಆರನೆಯ ಅಧ್ಯಾಯದಲ್ಲಿ ವಿಚಾರಿಸಿದ್ದಾನೆ: ವ್ರೀಹಿ, ಅಂದರೆ ಭತ್ತ, ಸಿಗದಿದ್ದರೆ ಅದಕ್ಕೆ ಹತ್ತಿರದ ನೀವಾರವೆಂಬ ಕಾಡುಭತ್ತ, ಕೈಗೆ ಸಿಕ್ಕಿದ್ದಲ್ಲ. ಪೌಡರಿಗೆ ಬದಲಾಗಿ ಹೆಸರಿನ ಓಸಾಮಣ, ಅಂದರೆ ಬೇಳೆಕಟ್ಟು, ಕೊಡುವುದು ಮನೆಮನೆಯ ರೂಢಿ. ಬೇಳೆ ಕೆಳಗೆ ಉಳಿದು ಬರಿಯ ಕಟ್ಟು ಬಂದರೆ ಲೋಟಕ್ಕೆ ಒಂದೆರಡು ಗ್ರಾಂ ಪ್ರೋಟೀನೂ ಕಷ್ಟ. ಅದು ಪ್ರತಿನಿಧಿಯಲ್ಲ.

ಹಾಲು ಪ್ರತಿನಿಧಿ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಪೂರ್ವಪಥ್ಯಕ್ಕೆ ಕೊಡುವ ಆಯ್ಕೆಗಳಲ್ಲಿ ಬರಿಯ ಹಾಲಿನ ಪಥ್ಯವೂ ಒಂದು. ಅಹಮದಾಬಾದಿಗೂ ವಡೋದರಾಕ್ಕೂ ನಡುವೆ ಆಣಂದವೇ ಇರುವಾಗ ಇಲ್ಲಿ ಹಾಲಿಗೆ ಬರವೇ? ಆದರೆ ಯಾವ ಹಾಲು ಎಂಬುದರಲ್ಲಿ ಎಲ್ಲ ಇದೆ. ಡಬಲ್ ಟೋನ್ಡ್ ಹಾಲಿನಲ್ಲಿ ಕೊಬ್ಬು ನೂರಕ್ಕೆ 1.5, ಒಂದೂಕಾಲು ಲೀಟರಿಗೆ 600ಕ್ಕಿಂತ ಕಡಿಮೆ ಕ್ಯಾಲೊರಿ, 40 ಗ್ರಾಮಿಗೆ ಮೇಲೆ ಪ್ರೋಟೀನು. ಅದಕ್ಕೆ ದಿನಕ್ಕೊಂದೇ ಸ್ಕೂಪ್ ಪೌಡರ್ ಸೇರಿಸಿದರೂ 60 ದಾಟಿತು. ಡಬ್ಬಿ ಹೆಚ್ಚು ದಿನ ಬಂತು. ಅದೇ ಒಂದೂಕಾಲು ಲೀಟರು ನೂರಕ್ಕೆ 6 ಕೊಬ್ಬಿನ ಫುಲ್ ಕ್ರೀಮ್ ಆದರೆ ಹಾಲೊಂದರಲ್ಲೇ ಸಾವಿರ ಕ್ಯಾಲೊರಿ ದಾಟುತ್ತದೆ. 'ಆಪರೇಷನ್ನಿಗೆ ಹೋಗುವವರು, ಗಟ್ಟಿ ಹಾಲೇ ಇರಲಿ' ಎಂಬ ಪ್ರೀತಿ ಇಲ್ಲಿ ಕೆಲಸ ಕೆಡಿಸುತ್ತದೆ.

ಸೋಮಯಾಗದ ದೀಕ್ಷೆ ಹಿಡಿದ ಯಜಮಾನನಿಗೂ ದೀಕ್ಷೆಯ ದಿನಗಳಲ್ಲಿ ವ್ರತಾಹಾರವೇ: ಬ್ರಾಹ್ಮಣನಿಗೆ ಹಾಲು, ಕ್ಷತ್ರಿಯನಿಗೆ ಗಂಜಿ, ವೈಶ್ಯನಿಗೆ ಆಮಿಕ್ಷೆ. ಆಮಿಕ್ಷೆ ಎಂದರೆ ಬಿಸಿಹಾಲಿಗೆ ಮೊಸರು ಸುರಿದು ಒಡೆಸಿದ ಗಟ್ಟಿ, ಇವತ್ತಿನ ಪನೀರಿನ ಹತ್ತಿರದ್ದು. ಒಡೆದಾಗ ಬಸಿಯುವ ನೀರಿಗೆ ವಾಜಿನ ಎಂದು ಹೆಸರು. ಹಾಲು ಒಡೆಸುವುದು ಆಮಿಕ್ಷೆಗಾಗಿಯೇ, ವಾಜಿನ ಜೊತೆಗೆ ತಾನಾಗಿ ಬಂದದ್ದು ಎಂದು ಮೀಮಾಂಸಕರು ನಿರ್ಣಯಿಸಿದ್ದಾರೆ. ಆ ವಾಜಿನವನ್ನೇ ಒಣಗಿಸಿ ಡಬ್ಬಿಗೆ ತುಂಬಿದರೆ ವೇ ಪ್ರೋಟೀನು. ಇವತ್ತು ಬೆಲೆ ಇರುವುದು ಅದಕ್ಕೆ. ಹಾಲಿನದೇ ಆದ್ದರಿಂದ ಜೈನರಿಗೂ ಸ್ವಾಮಿನಾರಾಯಣದವರಿಗೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ವಿಟಮಿನ್ ಕ್ಯಾಪ್ಸೂಲಿನ ಹೊದಿಕೆ ಜಿಲಾಟಿನ್ನಿನದೋ ಎಂದು ಕೇಳುವ ಹಕ್ಕು ಅವರಿಗಿದೆ. ಹಸಿ ಮೊಸರು–ಮಜ್ಜಿಗೆಯನ್ನು ಬೇಳೆಯೊಡನೆ ಬೆರೆಸದ ದ್ವಿದಳ ನಿಯಮದವರಿಗೆ ಮಜ್ಜಿಗೆ ಒಂದು ಹೊತ್ತು, ಬೇಳೆಯ ಸೂಪು ಇನ್ನೊಂದು ಹೊತ್ತು ಎಂದು ಬರೆದುಕೊಟ್ಟರೆ ಮುಗಿಯಿತು.

ಬಲದ ವಾದ, ಪರೀಕ್ಷೆಯ ವಾದ

'ಬಾ'ಳ ಆಕ್ಷೇಪದಲ್ಲಿ ಅವಳಿಗೆ ತಿಳಿಯದ ಒಂದು ನಿಜವಿದೆ. ದೊಡ್ಡ ಮೈಯೊಳಗೆ ಅಭಾವ ಕೂತಿರುತ್ತದೆ. ಸಸ್ಯಾಹಾರಿಗಳಲ್ಲಿ ಬಿ12, ಬಿಸಿಲೂರಿನಲ್ಲಿದ್ದೂ ಮನೆಯೊಳಗೇ ಇರುವವರಲ್ಲಿ ವಿಟಮಿನ್ ಡಿ, ಹೆಂಗಸರಲ್ಲಿ ಕಬ್ಬಿಣ ಕಡಿಮೆಯಿರುವುದು ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಇನ್ನೂ ಇಳಿದಿರುತ್ತದೆ. ಆಪರೇಷನ್ನಿನ ನಂತರ, ಅದರಲ್ಲೂ ಬೈಪಾಸಾದರೆ, ಇವನ್ನು ಹೀರುವ ದಾರಿಯೇ ಕಿರಿದಾಗುತ್ತದೆ. ಆದ್ದರಿಂದ ಬಲ ತುಂಬಬೇಕೆನ್ನುವುದು ಸರಿ. ಆದರೆ ತುಂಬಬೇಕಾದ್ದು ಶೀರಾದಿಂದಲ್ಲ, ರಕ್ತಪರೀಕ್ಷೆ ನೋಡಿ ಎರಡು ಮೂರು ತಿಂಗಳ ಮುಂಚಿನಿಂದ ಇಂಜೆಕ್ಷನ್, ಮಾತ್ರೆಗಳಿಂದ. ಎರಡು ವಾರದ ಪಥ್ಯವನ್ನೇ ಪೂರ್ತಿ ತಯಾರಿ ಎಂದುಕೊಂಡು ಈ ಕೆಲಸವನ್ನು ಬಿಡುವುದು ನನ್ನ ಮಟ್ಟಿಗೆ ಜಲೇಬಿ ತಿನ್ನುವುದಕ್ಕಿಂತ ದೊಡ್ಡ ತಪ್ಪು. ತಂಬಾಕು ಬಿಡುವುದೂ ಇದೇ ಅವಧಿಯಲ್ಲಿ. ಅಡಿಕೆ–ತಂಬಾಕಿನ ಮಾವಾ ಸೇದುವುದಲ್ಲ, ಅಗಿಯುವುದು ಎಂಬ ಸಮಜಾಯಿಷಿ ನಡೆಯದು. ಹೊಲಿಗೆ ಕೂಡುವುದನ್ನು ಕೆಡಿಸುವ ನಿಕೋಟಿನ್ ಎರಡರಲ್ಲೂ ಅದೇ.

ಪಂಡಿತರ ಆಕ್ಷೇಪವನ್ನು ಅರ್ಧ ಒಪ್ಪಬೇಕು. ಸ್ವೀಡನ್, ಬೆಲ್ಜಿಯಮ್ ತಂಡಗಳು ಬೈಪಾಸಿಗೆ ಬಂದ ಸುಮಾರು 300 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದವು. ಒಂದು ಗುಂಪಿಗೆ 14 ದಿನದ ಪಥ್ಯ, ಇನ್ನೊಂದಕ್ಕೆ ಮಾಮೂಲಿ ಊಟ. ಆಪರೇಷನ್ನಿನ ಹೊತ್ತಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ನಿಜ. ಆದರೆ ಪಥ್ಯದವರ ಹೊಟ್ಟೆಯಲ್ಲಿ ಕೆಲಸ ಸಲೀಸಾಯಿತೆಂದು ಸರ್ಜನ್ನರು ಹೇಳಿದರು. 30 ದಿನದೊಳಗಿನ ತೊಡಕುಗಳು ಪಥ್ಯವಿಲ್ಲದವರಲ್ಲಿ 18, ಪಥ್ಯದವರಲ್ಲಿ 8. ಗಡಿಯಾರ ಒಂದನ್ನೇ ನೋಡಿದವರು ಇದನ್ನು ಬಿಟ್ಟುಬಿಡುತ್ತಾರೆ. ಸಂಖ್ಯೆ ಸಣ್ಣದು, ಇದರ ಮೇಲೆ ಗೋಪುರ ಕಟ್ಟಲಾಗದು ಎಂಬುದನ್ನೂ ಒಪ್ಪುತ್ತೇನೆ. ಮುಂಚೆ ಪಥ್ಯ ಮಾಡಿದವರ ತೂಕ ವರ್ಷಗಳ ನಂತರ ಹೆಚ್ಚು ಇಳಿದಿರುತ್ತದೆ ಎಂಬ ಮಾತಿಗಂತೂ ಗಟ್ಟಿ ಆಧಾರವಿಲ್ಲ. ಕ್ರತ್ವರ್ಥಕ್ಕೆ ಆ ಫಲ ಬೇಕಾಗಿಯೂ ಇಲ್ಲ.

ಪೂರ್ವಪಕ್ಷಿ ಪೂರ್ತಿ ಗೆಲ್ಲುವ ಒಂದು ಜಾಗವಿದೆ. ಅಮೆರಿಕದ ವಿಮಾ ಕಂಪನಿಗಳು 'ಮೊದಲು ತಿಂಗಳುಗಟ್ಟಲೆ ಡಯೆಟ್ ಮಾಡಿ ತೂಕ ಇಳಿಸಿ ತೋರಿಸು, ಆಮೇಲೆ ಹಣ' ಎನ್ನುವುದುಂಟು. ಅಲ್ಲಿನ ಬೊಜ್ಜು ಶಸ್ತ್ರಚಿಕಿತ್ಸಕರ ಸಂಘ 2016ರಲ್ಲಿ ಇದನ್ನು ತಾರತಮ್ಯದ, ವೈಜ್ಞಾನಿಕ ಆಧಾರವಿಲ್ಲದ ಷರತ್ತೆಂದು ತಳ್ಳಿಹಾಕಿತು. ಅದು ಪಥ್ಯವನ್ನು ಪುರುಷಾರ್ಥವೆಂದು ಹಿಡಿದದ್ದರ ಫಲ. ನಮ್ಮ ವಿಮಾ ಪ್ರಾಧಿಕಾರದ ನಿಯಮವೂ ಬಿಎಂಐ 40, ಅಥವಾ ತೀವ್ರ ಕಾಯಿಲೆಗಳಿದ್ದರೆ 35 ಎಂಬುದರ ಜೊತೆಗೆ, ಈ ಎರಡನೆಯವರು ಇತರ ವಿಧಾನಗಳಲ್ಲಿ ತೂಕ ಇಳಿಸಲು ಯತ್ನಿಸಿ ಸೋತಿರಬೇಕೆನ್ನುತ್ತದೆ. ಲಿವರಿಗಾಗಿ ಎರಡು ವಾರ ಕೇಳುವುದು ಒಂದು, ಯೋಗ್ಯತಾಪತ್ರಕ್ಕಾಗಿ ತಿಂಗಳುಗಟ್ಟಲೆ ಕೇಳುವುದು ಇನ್ನೊಂದು. ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ಹೇರಬಾರದು.

ಪರ್ಯುದಾಸ

ವಿಧಿಯಿಂದ ಹೊರಗಿಡಬೇಕಾದವರಿದ್ದಾರೆ. ಟೈಪ್ 1 ಮಧುಮೇಹಿಗಳು, ಮೂತ್ರಪಿಂಡ ಕೆಟ್ಟವರು ಅಚ್ಚಾದ ಹಾಳೆಯನ್ನು ನೋಡಿ ನಡೆಯಕೂಡದು. ಅವರಿಗೆ ಬೇರೆಯೇ ಬರೆದುಕೊಡಬೇಕು. ಇನ್ಸುಲಿನ್ನು, ಗ್ಲಿಮೆಪಿರೈಡಿನಂಥ ಮಾತ್ರೆ ನಡೆಯುತ್ತಿರುವವರು ಊಟ ಇಳಿಸಿ ಮದ್ದನ್ನು ಹಾಗೇ ಬಿಟ್ಟರೆ ಸಕ್ಕರೆ ಕುಸಿದು ಬೀಳುತ್ತಾರೆ. ಪಥ್ಯ ಶುರುವಾಗುವ ದಿನವೇ ವೈದ್ಯರು ಪ್ರಮಾಣ ತಗ್ಗಿಸಬೇಕು. ಇವೆಲ್ಲಕ್ಕಿಂತ ಕಳ್ಳ ಅಪಾಯ ಡಾಪಾಗ್ಲಿಫ್ಲೋಝಿನ್ ಗುಂಪಿನ ಮಾತ್ರೆಗಳದು. 2020ರಲ್ಲಿ ಡಾಪಾಗ್ಲಿಫ್ಲೋಝಿನ್ನಿನ ಪೇಟೆಂಟ್ ಮುಗಿದು ಅದು ಅಗ್ಗವಾದ ಮೇಲೆ ಇವು ಎಷ್ಟೋ ಚೀಟಿಗಳಲ್ಲಿ ಕಾಣುತ್ತಿವೆ. ಅವನ್ನು ನುಂಗುತ್ತ ಪಿಷ್ಟ ಬಿಟ್ಟರೆ ರಕ್ತದಲ್ಲಿ ಆಮ್ಲ ಏರಬಹುದು, ಮತ್ತು ಗ್ಲೂಕೋಮೀಟರಿನಲ್ಲಿ ಸಕ್ಕರೆ ಸರಿಯಾಗಿಯೇ ಕಾಣುತ್ತಿರುತ್ತದೆ. ಆಪರೇಷನ್ನಿಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಬೇಕೆಂಬುದು ನಿಯಮ. ಈ ಪಥ್ಯದವರು ಪಥ್ಯ ಆರಂಭಿಸುವ ಮುನ್ನವೇ ಕೇಳಿ ನಿಲ್ಲಿಸುವುದು ಕ್ಷೇಮ. ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆಗಳನ್ನೂ ತೋರಿಸಬೇಕು.

ಕೊನೆಯ ಬೆಳಗಿನದೂ ಒಂದು ನಿಷೇಧ. ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೆ ತಿಳಿನೀರು ಕುಡಿಯಬಹುದೆಂದು ಹೇಳಿದ್ದರೆ ಅದು ತಿಳಿನೀರಿಗೆ ಮಾತ್ರ. ಹಾಲು ಬಿದ್ದ ಅರ್ಧ ಕಪ್ ಚಹಾ, ಗುಜರಾತಿ 'ಅಡಧಿ ಚಾ', ಲೆಕ್ಕಕ್ಕೆ ಘನಾಹಾರ. ಅದಕ್ಕೆ ಆರು ಗಂಟೆ. ಎರಡು ವಾರ ಹಾಲನ್ನೇ ಮದ್ದೆಂದು ಕುಡಿದವನಿಗೆ ಆ ದಿನ ಹಾಲೇ ಅಪಥ್ಯವೆಂಬುದು ವಿಚಿತ್ರವಾಗಿ ಕಂಡೀತು. ಹೇತು ಬೇರೆಯಾಯಿತು: ಮೊದಲು ಲಿವರು, ಈಗ ಶ್ವಾಸಕೋಶ; ಅರಿವಳಿಕೆಯಲ್ಲಿ ಜಠರದಲ್ಲಿದ್ದದ್ದು ಮೇಲೆ ಬಂದು ಅದರೊಳಗೆ ಇಳಿಯಬಾರದು.

ಸಂಗತಿ, ಅತಿದೇಶ

ಹೇತು ಗೊತ್ತಾದರೆ ವಿಧಿ ಎಲ್ಲಿಯವರೆಗೆ ಹಬ್ಬುತ್ತದೆ ಎಂಬುದೂ ಗೊತ್ತಾಗುತ್ತದೆ. ಸ್ಥೂಲಕಾಯದವರಿಗೆ ಕ್ಯಾಮೆರಾದಿಂದ ಪಿತ್ತಕೋಶ ತೆಗೆಯುವಾಗಲೂ ಲಿವರನ್ನು ಎತ್ತಬೇಕು. ಆದ್ದರಿಂದ ಈ ಪಥ್ಯ ಅಲ್ಲಿಗೂ ಸಲ್ಲುತ್ತದೆ, ಬ್ರಿಟನ್ನಿನಲ್ಲಿ ಹಾಗೆ ಮಾಡಿ ನೋಡಿದ್ದಾರೆ. ಜಠರ ಅನ್ನನಾಳ ಕೂಡುವಲ್ಲಿನ ಹರ್ನಿಯಾಕ್ಕೂ ಅದೇ ಮಾತು. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಜಠರವನ್ನು ಒಳಗಿನಿಂದಲೇ ಹೊಲಿಯುವ ಹೊಸ ಕ್ರಮದಲ್ಲಿ ಲಿವರನ್ನು ಮುಟ್ಟುವ ಪ್ರಸಂಗವಿಲ್ಲ. ಅಲ್ಲಿ ಜಠರ ಬರಿದಾಗಿದ್ದರೆ ಸಾಕು, ಎರಡು ವಾರ ಲಿವರಿಗಾಗಿ ಹಸಿಯಬೇಕಿಲ್ಲ. ಮಂಡಿಕೀಲು ಬದಲಿಸಿಕೊಳ್ಳಲು ಹೊರಟ ದಪ್ಪನೆಯವರಿಗೆ ನೆರೆಮನೆಯವರು ಈ ಹಾಳೆಯ ಜೆರಾಕ್ಸ್ ಕೊಟ್ಟರೆ ಅದನ್ನು ವಾಪಸು ಕೊಡಬಹುದು. ಮಂಡಿಯ ದಾರಿಯಲ್ಲಿ ಲಿವರಿಲ್ಲ.